ಕೋಲಿನ ಪೆಟ್ಟಿಗೆ ಒಪ್ಪುವ ಹಾಡು: ನಿಮ್ಮ ಹಾಡಿನ ಸಂಗ್ರಹಕ್ಕೆ ಉಚಿತ ತಂತ್ರಾಂಶದಿಂದ ಬಿಪಿಎಂ ಬರೆಯುವ ಬಗೆ

ನನ್ನ ಅಕ್ಕ ದಾವಣಗೆರೆಯಲ್ಲಿ ಹೆಂಗಸರ ಕೋಲಾಟದ ತಂಡ ಕಟ್ಟಿಕೊಂಡಿದ್ದಾಳೆ. ಸಂಜೆ ಐದೂವರೆಗೆ ದೇವಸ್ಥಾನದ ಅಂಗಳದಲ್ಲಿ ಅಭ್ಯಾಸ. ಹಾಡು ಹಾಕುವ ಹೊಣೆ ನನ್ನದು. ಒಂದು ಹಾಡು ಮುಗಿಯುವ ಹೊತ್ತಿಗೆ ಅಕ್ಕ ಕೈಯೆತ್ತಿ ಹೇಳುತ್ತಾಳೆ: "ಇದೇ ಥರದ್ದು, ಒಂದು ಎಳೆ ಚುರುಕಾದದ್ದು ಹಾಕು."

ಲ್ಯಾಪ್‌ಟಾಪಿನಲ್ಲಿ ಮೂರು ಸಾವಿರಕ್ಕೆ ಹತ್ತಿರ ಹಾಡುಗಳಿವೆ. ಅಪ್ಪ ಕೂಡಿಟ್ಟ ಕ್ಯಾಸೆಟ್‌ಗಳಿಂದ ಇಳಿಸಿದ ಜನಪದ ಗೀತೆಗಳು, ವಚನಗಳು, ಭಾವಗೀತೆಗಳು, ಸಿ.ಡಿ.ಯಿಂದ ತೆಗೆದ ಚಿತ್ರಗೀತೆಗಳು. ಆ ಒಂದು ಎಳೆ ಇವುಗಳಲ್ಲಿ ಯಾವುದರಲ್ಲಿದೆ ಎಂದು ಹಾಡಿನ ಹೆಸರು ನೋಡಿ ಹೇಳಲಾಗದು. ನಾನು ಹುಡುಕುವಷ್ಟರಲ್ಲಿ ಎತ್ತಿದ ಕೋಲುಗಳು ಕೆಳಗಿಳಿದಿರುತ್ತವೆ, ಮೈ ಆರಿರುತ್ತದೆ, ಹದಕ್ಕೆ ಬಂದ ಹೆಜ್ಜೆ ಮತ್ತೆ ಮೊದಲಿನಿಂದ ಕೂಡಬೇಕಾಗುತ್ತದೆ. ಹಾಗಾಗಿ ಪ್ರತಿ ಹಾಡಿಗೂ ಅದರ ವೇಗವನ್ನು ಬರೆದಿಡುವ ಕೆಲಸಕ್ಕೆ ಕೈಹಾಕಿದೆ. ಕೋಲಾಟಕ್ಕೆ ಮಾತ್ರವಲ್ಲ, ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಹಾಡು ಆರಿಸುವ ಶಿಕ್ಷಕರಿಗೂ, ಬೆಳಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಹಾಡು ಕೇಳುತ್ತ ಬಿರುಸಾಗಿ ನಡೆಯುವವರಿಗೂ ಇದೇ ದಾರಿ ಒದಗುತ್ತದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆಯ ನಡಿಗೆಯನ್ನು ವಯಸ್ಕರಿಗೆ ಒಳ್ಳೆಯ ವ್ಯಾಯಾಮದ ನಡಿಗೆ ಎನ್ನುತ್ತಾರೆ. ಅಂಥವರಿಗೆ 100ರ ಆಸುಪಾಸಿನ ಹಾಡುಗಳು ಬೇಕು.

ಸಂಗೀತ ಕಲಿತವರು ಕಾಲಪ್ರಮಾಣ ಎಂದು ಕರೆಯುವುದನ್ನು ಕಂಪ್ಯೂಟರು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ: ಒಂದು ನಿಮಿಷಕ್ಕೆ ಎಷ್ಟು ಪೆಟ್ಟು. ಇದೇ ಬಿಪಿಎಂ. 60 ಎಂದರೆ ಗಡಿಯಾರದ ಸೆಕೆಂಡಿಗೊಂದು ಪೆಟ್ಟು, 120 ಎಂದರೆ ಸೆಕೆಂಡಿಗೆ ಎರಡು. ಈ ಸಂಖ್ಯೆಯನ್ನು ಹಾಡಿನ ಫೈಲಿನ ಒಳಗೇ ಬರೆದಿಡಲು ಜಾಗವಿದೆ. ಹಾಡಿನ ಹೆಸರು, ಗಾಯಕರ ಹೆಸರು ಕುಳಿತಿರುವ ಟ್ಯಾಗಿನಲ್ಲೇ ಅದಕ್ಕೂ ಒಂದು ಮನೆ. ಎಂಪಿ3 ಫೈಲಿನಲ್ಲಿ ಅದು ಐಡಿ3 ಟ್ಯಾಗಿನ ಎರಡನೇ ಆವೃತ್ತಿಯಲ್ಲಿದೆ. ಹಳೆಯ ಮೊದಲನೇ ಆವೃತ್ತಿಯಲ್ಲಿ ಇಲ್ಲ. ಫ್ಲ್ಯಾಕ್ ಮತ್ತು ಆಗ್ ಫೈಲುಗಳಲ್ಲಿಯೂ ಎಂ4ಎ ಫೈಲಿನಲ್ಲಿಯೂ ಇದೆ. ಒಮ್ಮೆ ಬರೆದರೆ ಫೈಲು ಎಲ್ಲಿಗೆ ಹೋದರೂ ಸಂಖ್ಯೆ ಜೊತೆಗೆ ಹೋಗುತ್ತದೆ. ಮೊಬೈಲ್ ಆ್ಯಪಿನಲ್ಲಿ ಅಂತರ್ಜಾಲದಿಂದ ಹರಿದುಬರುವ ಹಾಡುಗಳಿಗೆ ಇದನ್ನು ಮಾಡಲಾಗದು. ಫೈಲು ನಿಮ್ಮ ಕೈಯಲ್ಲಿರಬೇಕು.

ಕೈಯಲ್ಲಿ ಎಣಿಸಿ ನೋಡಿ

ತಂತ್ರಾಂಶ ಇಳಿಸುವ ಮೊದಲು ಐದಾರು ಹಾಡುಗಳನ್ನು ನೀವೇ ಎಣಿಸಬೇಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಒತ್ತಿ ಹೇಳುತ್ತೇನೆ. ಯಂತ್ರ ಕೊಡುವ ಸಂಖ್ಯೆ ಸರಿಯೋ ತಪ್ಪೋ ಎಂದು ಹೇಳಬೇಕಾದವರು ನೀವು. ಆ ಕಿವಿ ಮೊದಲು ಸಿದ್ಧವಾಗಬೇಕು.

15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇದೆ. ಅದರಲ್ಲಿ ಒಂದೇ ಒಂದು ಪೆಟ್ಟು ಹೆಚ್ಚುಕಡಿಮೆಯಾದರೂ ಉತ್ತರ ನಾಲ್ಕರಷ್ಟು ತಪ್ಪುತ್ತದೆ. ಬದಲಿಗೆ ಪೆಟ್ಟುಗಳನ್ನು ಗೊತ್ತುಮಾಡಿಕೊಂಡು ಕಾಲವನ್ನು ಅಳೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಒತ್ತುವಾಗ ಬಿದ್ದ ಪೆಟ್ಟನ್ನು ಸೊನ್ನೆ ಎಂದುಕೊಳ್ಳಿ, ಒಂದು ಎಂದಲ್ಲ. 32ನೇ ಪೆಟ್ಟಿಗೆ ನಿಲ್ಲಿಸಿ. 32ನ್ನು 60ರಿಂದ ಗುಣಿಸಿದರೆ 1920. ಅದನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿ. 20 ಸೆಕೆಂಡು ಹಿಡಿದರೆ 96. ಸೊನ್ನೆಯಿಂದ ಎಣಿಸುವುದನ್ನು ಮರೆತು ನಾನು ಮೊದಲ ವಾರ ಬರೆದ ಸಂಖ್ಯೆಗಳೆಲ್ಲ ಹುಸಿಯಾಗಿದ್ದವು.

ಎಣಿಸುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ. ಯಾವುದನ್ನು ಪೆಟ್ಟು ಎನ್ನಬೇಕು? ಒಂದೇ ಹಾಡಿಗೆ ತಬಲಾ ಹಿಡಿದು ಎಣಿಸಿದರೆ 168, ತಾಳ ಹಾಕುವ ಕೈ ಹಿಡಿದು ಎಣಿಸಿದರೆ 84 ಬರಬಹುದು. ಎರಡೂ ಸುಳ್ಳಲ್ಲ. ಆದರೆ ಒಂದೇ ಸಂಗ್ರಹದಲ್ಲಿ ಕೆಲವು ಹಾಡುಗಳಿಗೆ ಆ ಲೆಕ್ಕ, ಕೆಲವಕ್ಕೆ ಈ ಲೆಕ್ಕ ಹಾಕಿದರೆ ಸಂಗ್ರಹ ಕೆಟ್ಟಿತು. ನಮ್ಮ ಮನೆಯ ನಿಯಮ ಇದು: ಕೋಲಿಗೆ ಕೋಲು ತಾಗುವುದೇ ಪೆಟ್ಟು. ನಡಿಗೆಗೆ ಮಾಡುವವರು ಹೆಜ್ಜೆಯನ್ನು ಹಿಡಿಯಲಿ, ಭಜನೆಯವರು ತಾಳದ ಬಡಿತವನ್ನು ಹಿಡಿಯಲಿ. ನಿಯಮವನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಳ್ಳಿ.

ತಂತ್ರಾಂಶ ಹೂಡುವುದು

ಮೊದಲು ಹಾಡಿನ ಫೋಲ್ಡರನ್ನು ಇಡಿಯಾಗಿ ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಕಳಚಿ ಎತ್ತಿಡಿ. ನಾವು ಫೈಲುಗಳ ಒಳಗೆ ಬರೆಯಲಿದ್ದೇವೆ. ಅಪ್ಪನ ಕ್ಯಾಸೆಟ್ಟಿನಂಥದ್ದು ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ.

ಅಳೆಯಲು ನಾನು ಬಳಸುವುದು ಮಿಕ್ಸ್ ಎಂಬ ತಂತ್ರಾಂಶ. ಇಂಗ್ಲಿಷಿನಲ್ಲಿ ಹುಡುಕುವಾಗ ಹೆಸರಿನ ಕೊನೆಗೆ ಮೂರು ಎಕ್ಸ್ ಹಾಕಬೇಕು. ಡಿಜೆಗಳಿಗೆಂದು ಮಾಡಿದ ಮುಕ್ತ ತಂತ್ರಾಂಶ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ. ತೆರೆದಾಗ ಕಾಣುವ ಎರಡು ತಟ್ಟೆ, ಹತ್ತಾರು ಗುಂಡಿ ನೋಡಿ ಗಾಬರಿಯಾಗಬೇಡಿ. ನಮಗೆ ಬೇಕಾದದ್ದು ಕೆಳಗಿನ ಹಾಡಿನ ಪಟ್ಟಿ ಮಾತ್ರ. ಇದರ ಜೊತೆಗೆ ಕಿಡ್3 ಎಂಬ ಟ್ಯಾಗ್ ತಿದ್ದುವ ತಂತ್ರಾಂಶವನ್ನೂ ಹೂಡಿಕೊಳ್ಳಿ. ಅದೂ ಉಚಿತ, ಮುಕ್ತ.

ಮಿಕ್ಸ್ ಮೊದಲ ಸಲ ತೆರೆದಾಗ ಹಾಡುಗಳು ಯಾವ ಫೋಲ್ಡರಿನಲ್ಲಿವೆ ಎಂದು ಕೇಳುತ್ತದೆ. ತೋರಿಸಿ. ಒಂದೇ ಸಲಕ್ಕೆ ಇಡೀ ಸಂಗ್ರಹವನ್ನು ತೋರಿಸದೆ, ಐವತ್ತು ಹಾಡುಗಳ ಒಂದು ಪ್ರಯೋಗದ ಫೋಲ್ಡರ್ ಮಾಡಿ ಅದರಿಂದ ಆರಂಭಿಸಿದರೆ ಒಳ್ಳೆಯದು. ನೀವು ಕೈಯಲ್ಲಿ ಎಣಿಸಿದ ಐದಾರು ಹಾಡುಗಳು ಆ ಐವತ್ತರಲ್ಲಿರಲಿ.

ಈಗ ಆಯ್ಕೆಗಳ ಕಿಟಕಿ, ಅಂದರೆ ಪ್ರಿಫರೆನ್ಸಸ್ ತೆರೆದು ಬೀಟ್ ಡಿಟೆಕ್ಷನ್ ಎಂಬ ಭಾಗಕ್ಕೆ ಹೋಗಿ. ಅಲ್ಲಿ ಎರಡು ವಿಷಯ ನೋಡಬೇಕು. ಒಂದು, ವೇಗದ ವಿಶ್ಲೇಷಣೆ ಎಂಬ ಅರ್ಥದ ಫಾಸ್ಟ್ ಅನಾಲಿಸಿಸ್. ಇದನ್ನು ಆರಿಸಿದರೆ ಯಂತ್ರ ಹಾಡಿನ ಮೊದಲ ಒಂದು ನಿಮಿಷವನ್ನಷ್ಟೇ ಅಳೆಯುತ್ತದೆ. ನಮ್ಮ ವಚನ ಗಾಯನದಲ್ಲಿ, ಎಷ್ಟೋ ಭಾವಗೀತೆಗಳಲ್ಲಿ ಆ ಮೊದಲ ನಿಮಿಷ ಆಲಾಪಕ್ಕೆ, ಇಲ್ಲವೇ ತಾಳವಿಲ್ಲದೆ ಹಾಡುವ ಸಾಲುಗಳಿಗೆ ಹೋಗಿರುತ್ತದೆ. ತಬಲಾ ಇನ್ನೂ ಬಾಯಿ ತೆರೆದಿರುವುದಿಲ್ಲ. ಆದ್ದರಿಂದ ಈ ಗುರುತನ್ನು ತೆಗೆದುಬಿಡಿ. ಇನ್ನೊಂದು, ಹಾಡಿನ ಉದ್ದಕ್ಕೂ ವೇಗ ಒಂದೇ ಎಂದು ಎಣಿಸುವ ಆಯ್ಕೆ. ಕಂಪ್ಯೂಟರಿನಲ್ಲಿ ತಾಳ ಕೂಡಿಸಿದ ಇತ್ತೀಚಿನ ಚಿತ್ರಗೀತೆಗಳಿಗೆ ಅದು ಸರಿ. ಮನುಷ್ಯರು ಒಟ್ಟಿಗೆ ಕೂತು ನುಡಿಸಿದ ಹಳೆಯ ಧ್ವನಿಮುದ್ರಣಗಳಲ್ಲಿ ವೇಗ ಉಸಿರಿನಂತೆ ಏರಿಳಿಯುತ್ತದೆ. ಅವುಗಳಿಗೆ ಅದನ್ನು ತೆಗೆಯಬೇಕು. ನಾನು ಸಂಗ್ರಹವನ್ನು ಹಳೆಯದು, ಹೊಸದು ಎಂದು ಎರಡು ಪಾಲು ಮಾಡಿ ಬೇರೆಬೇರೆಯಾಗಿ ಅಳೆಸಿದೆ.

ಅಳೆಸುವುದು ಸುಲಭದ ಹೆಜ್ಜೆ. ಎಡಗಡೆಯ ಪಟ್ಟಿಯಲ್ಲಿ ಅನಲೈಸ್ ಎಂಬುದನ್ನು ಒತ್ತಿ, ಎಲ್ಲ ಹಾಡುಗಳನ್ನು ಆರಿಸಿ, ಅನಲೈಸ್ ಗುಂಡಿ ಒತ್ತಿ. ಐವತ್ತು ಹಾಡಿಗೆ ಚಹಾ ಕುಡಿದು ಬರುವಷ್ಟು ಹೊತ್ತು ಸಾಕು. ಸಾವಿರಾರು ಇದ್ದರೆ ರಾತ್ರಿ ಬಿಟ್ಟು ಮಲಗಿ. ನಡುವೆ ಕರೆಂಟ್ ಹೋದರೂ ಅಳೆದು ಮುಗಿದವು ಹೋಗುವುದಿಲ್ಲ, ಉಳಿದವನ್ನು ಮತ್ತೆ ಹಚ್ಚಿದರಾಯಿತು. ಲಿನಕ್ಸಿನಲ್ಲಿ ಟರ್ಮಿನಲ್ ಬಳಸಿ ರೂಢಿಯಿದ್ದವರಿಗೆ ಬಿಪಿಎಂ-ಟೂಲ್ಸ್ ಎಂಬ ಸಣ್ಣ ಪ್ಯಾಕೇಜು ಕೂಡ ಇದೆ. ಅಳೆದು ನೇರವಾಗಿ ಟ್ಯಾಗಿಗೆ ಬರೆಯುತ್ತದೆ. ಆದರೆ ಮುಂದಿನ ಹೆಜ್ಜೆಯ ತಿದ್ದುಪಡಿಗೆ ಕಣ್ಣೆದುರು ಪಟ್ಟಿ ಇರಬೇಕು ಎಂಬ ಕಾರಣಕ್ಕೆ ನಾನು ಮಿಕ್ಸ್‌ಗೇ ಅಂಟಿಕೊಂಡೆ.

ತಿದ್ದುಪಡಿ: ಹೆಚ್ಚು ಹೊತ್ತು ಬೇಡುವುದು ಇದೇ

ಬಿಪಿಎಂ ಎಂಬ ಅಂಕಣದ ತಲೆಯ ಮೇಲೆ ಒತ್ತಿದರೆ ಹಾಡುಗಳು ನಿಧಾನದಿಂದ ವೇಗಕ್ಕೆ ಸಾಲಾಗಿ ನಿಲ್ಲುತ್ತವೆ. ಸಾಲಿನ ಎರಡು ತುದಿಗಳನ್ನು ಮೊದಲು ನೋಡಿ. ಲಾಲಿ ಹಾಡಿಗೆ 150, ಡೊಳ್ಳಿನ ಹಾಡಿಗೆ 65 ಎಂದು ಬಂದಿದ್ದರೆ ಯಂತ್ರ ಒಂದನ್ನು ಇಮ್ಮಡಿ ಮಾಡಿದೆ, ಇನ್ನೊಂದನ್ನು ಅರ್ಧ ಮಾಡಿದೆ. ಹಾಡಿನ ಮೇಲೆ ಬಲ ಕ್ಲಿಕ್ ಮಾಡಿ ಅಡ್ಜಸ್ಟ್ ಬಿಪಿಎಂ ಎಂಬ ಮೆನುವಿಗೆ ಹೋದರೆ ಇಮ್ಮಡಿ ಮಾಡುವ, ಅರ್ಧ ಮಾಡುವ ಆಯ್ಕೆಗಳಿವೆ. ಆವೃತ್ತಿಯಿಂದ ಆವೃತ್ತಿಗೆ ಮೆನುವಿನ ಹೆಸರು ತುಸು ಬದಲಾಗಿರಬಹುದು, ಆದರೆ ಜಾಗ ಇದೇ.

ಅದೇ ಮೆನುವಿನಲ್ಲಿ 2/3, 3/2, 3/4, 4/3 ಎಂಬ ಆಯ್ಕೆಗಳೂ ಇವೆ. ಇವು ಯಾರಿಗೆ ಬೇಕು ಎಂದು ಮೊದಲು ನನಗೆ ತಿಳಿಯಲಿಲ್ಲ. ದಾದ್ರಾ ತಾಳದ ಹಾಡುಗಳಿಗೆ ಬಂದಾಗ ತಿಳಿಯಿತು. ದಾದ್ರಾ ಆರು ಮಾತ್ರೆಯ ತಾಳ, ಮೂರು ಮೂರಾಗಿ ನಡೆಯುತ್ತದೆ. ನಿಮಿಷಕ್ಕೆ 210 ಮಾತ್ರೆಯಲ್ಲಿ ಓಡುವ ಹಾಡೊಂದನ್ನು ಹಿಡಿಯಿರಿ. ನಮ್ಮ ಕೋಲು ಮೂರು ಮಾತ್ರೆಗೊಮ್ಮೆ ಬೀಳುತ್ತದೆ: ನಿಮಿಷಕ್ಕೆ 70. ಪೆಟ್ಟುಗಳನ್ನು ಎರಡೆರಡಾಗಿ ಜೋಡಿಸಿಬಿಟ್ಟ ಯಂತ್ರ 105 ಎನ್ನುತ್ತದೆ. ಇದು ಇಮ್ಮಡಿಯೂ ಅಲ್ಲ, ಅರ್ಧವೂ ಅಲ್ಲ. 105ರ ಮೂರರಲ್ಲಿ ಎರಡು ಪಾಲು 70. ಪಟ್ಟಿ ನೋಡಿದರೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಯಾಕೆಂದರೆ 105 ಎಂಬುದು ತೀರಾ ಸಹಜವಾದ ಸಂಖ್ಯೆ. ಹಾಡು ಹಾಕಿ ಚಪ್ಪಾಳೆ ತಟ್ಟಿದಾಗ ಮಾತ್ರ ಗೊತ್ತಾಗುತ್ತದೆ. ಹೀಗಾಗಿ ಮೂರರ ನಡೆಯ ಹಾಡುಗಳನ್ನೆಲ್ಲ ಒಂದೊಂದಾಗಿ ಕೇಳಿ ತಿದ್ದಿದೆ. ನಾಲ್ಕರ ನಡೆಯವು, ಅಂದರೆ ಕೆಹರ್ವಾ ಮತ್ತು ಆದಿತಾಳದವು, ಬಹುತೇಕ ಸರಿಯಾಗಿಯೇ ಬಂದಿದ್ದವು.

ಛಾಪು ತಾಳಗಳ ವಿಷಯ ಬೇರೆ. ಮಿಶ್ರ ಛಾಪು ಏಳರದು, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ. ಪೆಟ್ಟುಗಳ ನಡುವಿನ ಅಂತರವೇ ಸಮವಲ್ಲದಿರುವಾಗ ಸಮ ಅಂತರ ಹುಡುಕುವ ಯಂತ್ರಕ್ಕೆ ಅದು ದಕ್ಕುವುದಿಲ್ಲ. ಅಂಥ ಹಾಡುಗಳಿಗೆ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಎಷ್ಟು ಸೆಕೆಂಡು ಎಂದು ನಾನೇ ಅಳೆದು, ಸುತ್ತಿಗೆ ಏಳು ಎಣಿಕೆಯ ಲೆಕ್ಕದಲ್ಲಿ ಸಂಖ್ಯೆ ಬರೆದು, ಟಿಪ್ಪಣಿಯ ಮನೆಯಲ್ಲಿ ತಾಳದ ಹೆಸರು ಹಾಕಿದ್ದೇನೆ.

ಯಂತ್ರದ ಉತ್ತರ ಯಾವ ಪಾಲಿಗೂ ಹೊಂದದಿದ್ದರೆ ಕೈಯಿಂದಲೇ ಕೊಡಬಹುದು. ಹಾಡಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ, ಬಿಪಿಎಂ ಪುಟದಲ್ಲಿ ಟ್ಯಾಪ್ ಎಂಬ ಗುಂಡಿ ಇದೆ. ಹಾಡು ನುಡಿಯುತ್ತಿರುವಾಗ ಅದನ್ನು ತಾಳಕ್ಕೆ ಸರಿಯಾಗಿ ಒತ್ತುತ್ತ ಹೋಗಿ. ಹತ್ತು ಹನ್ನೆರಡು ಪೆಟ್ಟಿಗೆ ಸಂಖ್ಯೆ ಒಂದು ಕಡೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಅಕ್ಕನೇ ಕೂರುತ್ತಾಳೆ. ಮೂವತ್ತು ವರ್ಷ ಕೋಲು ಹಿಡಿದ ಕೈ ಅದು, ನನ್ನ ಬೆರಳಿಗಿಂತ ನಂಬಬಹುದು. ಸರಿಪಡಿಸಿದ ಕೂಡಲೇ ಬಿಪಿಎಂಗೆ ಬೀಗ ಹಾಕಿ. ಅಂಕಣದಲ್ಲೇ ಸಣ್ಣ ಬೀಗದ ಚಿತ್ರವಿದೆ. ಇಲ್ಲದಿದ್ದರೆ ಮುಂದೊಂದು ದಿನ ಮತ್ತೆ ಅಳೆಸಿದಾಗ ನಿಮ್ಮ ಶ್ರಮ ಅಳಿಸಿಹೋಗಬಹುದು.

ಇನ್ನೆರಡು ಬಗೆಯ ಹಾಡುಗಳಿವೆ. ಭಜನೆಗಳಲ್ಲಿ, ಡೊಳ್ಳಿನ ಧ್ವನಿಮುದ್ರಣಗಳಲ್ಲಿ ವೇಗ ಬೇಕೆಂದೇ ಏರುತ್ತದೆ; 96ರಲ್ಲಿ ಎದ್ದು 132ಕ್ಕೆ ಮುಗಿದ ಹಾಡಿಗೆ ಸರಾಸರಿ 114 ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಹಾಡು ಹೊರಡುವ ವೇಗವನ್ನು ಬಿಪಿಎಂ ಮನೆಯಲ್ಲಿ ಬರೆಯಿರಿ, "96ರಿಂದ 132" ಎಂದು ಟಿಪ್ಪಣಿಯಲ್ಲಿ ಸೇರಿಸಿ. ಹಿಂದಿನ ಹಾಡಿನಿಂದ ಇದಕ್ಕೆ ದಾಟುವಾಗ ಬೇಕಾಗುವುದು ಹೊರಡುವ ವೇಗವೇ. ಇನ್ನು ತಾಳವೇ ಇಲ್ಲದ ವಚನ, ಶ್ಲೋಕ, ಆಲಾಪಗಳು. ಅವಕ್ಕೂ ಯಂತ್ರ ಏನಾದರೊಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಅದನ್ನು ಉಳಿಸಬೇಡಿ, ಮನೆ ಖಾಲಿ ಇರಲಿ.

ಕ್ಯಾಸೆಟ್ಟಿನಿಂದ ಬಂದ ಹಾಡುಗಳು

ಹಳೆಯ ಟೇಪ್ ರೆಕಾರ್ಡರುಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಬೆಲ್ಟು ಸಡಿಲವಾದರೆ ನಿಧಾನ, ಮೋಟಾರಿನ ಹೊಂದಿಕೆ ತಪ್ಪಿದರೆ ಬಿರುಸು. ಟೇಪು ಶೇಕಡಾ 3ರಷ್ಟು ಬಿರುಸಾಗಿ ಓಡಿದ್ದರೆ 100ರ ಹಾಡು 103 ಆಗುತ್ತದೆ, ಜೊತೆಗೆ ಶ್ರುತಿಯೂ ಸುಮಾರು ಅರ್ಧ ಸ್ವರಸ್ಥಾನದಷ್ಟು ಮೇಲೇರುತ್ತದೆ. ಪತ್ತೆಗೆ ಹಾರ್ಮೋನಿಯಂ ಸಾಕು. ಹಾಡಿನ ಷಡ್ಜ, ಅಂದರೆ ಆಧಾರದ ಸ ಸ್ವರ, ಯಾವುದಾದರೊಂದು ಮನೆಗೆ ಸರಿಯಾಗಿ ಕೂರದೆ ಎರಡು ಮನೆಗಳ ನಡುವೆ ತೂಗಾಡುತ್ತಿದ್ದರೆ ಟೇಪಿನ ಓಟವನ್ನು ಶಂಕಿಸಬಹುದು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಚೇಂಜ್ ಸ್ಪೀಡ್ ಬಳಸಿದರೆ ವೇಗ, ಶ್ರುತಿ ಎರಡೂ ಒಟ್ಟಿಗೆ ಸರಿಯುತ್ತವೆ. ಇದನ್ನು ಅಳೆಯುವ ಮೊದಲೇ ಮಾಡಿ. ಅಳೆದ ಮೇಲೆ ಮಾಡಿದರೆ ಬರೆದ ಸಂಖ್ಯೆ ತಪ್ಪಾಗುತ್ತದೆ. ಕ್ಯಾಸೆಟ್ಟಿನ ಹಾಡುಗಳನ್ನು ವೇವ್ ಫೈಲುಗಳಾಗಿ ಇಟ್ಟಿದ್ದರೆ ಫ್ಲ್ಯಾಕ್‌ಗೆ ಬದಲಿಸಿಕೊಳ್ಳಿ. ಧ್ವನಿಯ ಗುಣ ಒಂದಿಷ್ಟೂ ಕುಗ್ಗುವುದಿಲ್ಲ, ಟ್ಯಾಗು ಗಟ್ಟಿಯಾಗಿ ಕೂರುತ್ತದೆ.

ಆಡಾಸಿಟಿಯಲ್ಲೇ ಚೇಂಜ್ ಟೆಂಪೋ ಎಂಬ ಇನ್ನೊಂದು ಉಪಕರಣವಿದೆ. ಅದು ಶ್ರುತಿಯನ್ನು ಮುಟ್ಟದೆ ವೇಗವನ್ನಷ್ಟೇ ಬದಲಿಸುತ್ತದೆ. 104ರ ಹಾಡನ್ನು ಹೊಸಬರ ಅಭ್ಯಾಸಕ್ಕೆ 96ಕ್ಕೆ ಇಳಿಸಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಲು ನಾನು ಇದನ್ನು ಬಳಸುತ್ತೇನೆ. ಮೂಲ ಫೈಲಿನ ಮೇಲೆಯೇ ಉಳಿಸಬೇಡಿ.

ಫೈಲಿನೊಳಗೆ ಬರೆಯುವುದು

ಇಲ್ಲಿಯವರೆಗಿನ ಸಂಖ್ಯೆಗಳೆಲ್ಲ ಮಿಕ್ಸ್‌ನ ಸ್ವಂತ ದಾಖಲೆಯಲ್ಲಿವೆ, ಹಾಡಿನ ಫೈಲುಗಳಲ್ಲಿ ಇನ್ನೂ ಇಲ್ಲ. ಇದನ್ನು ತಿಳಿಯದೆ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆದು, ಎಲ್ಲವೂ ಖಾಲಿಯಾಗಿರುವುದನ್ನು ಕಂಡು ಒಂದು ಸಂಜೆ ಕಂಗಾಲಾಗಿದ್ದೆ. ಮಾಡಬೇಕಾದದ್ದು ಇಷ್ಟು: ತಿದ್ದಿ ಮುಗಿದ ಹಾಡುಗಳನ್ನು ಆರಿಸಿ ಬಲ ಕ್ಲಿಕ್, ಅಲ್ಲಿ ಮೆಟಾಡೇಟಾ, ಅದರೊಳಗೆ ಫೈಲ್ ಟ್ಯಾಗುಗಳಿಗೆ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ. ನಂತರ ಮಿಕ್ಸ್ ಅನ್ನು ಮುಚ್ಚಿ. ಬದಲಾದದ್ದನ್ನೆಲ್ಲ ತಾನಾಗಿಯೇ ಫೈಲಿಗೆ ಬರೆಯುವಂತೆ ಮಾಡುವ ಆಯ್ಕೆಯೂ ಇದೆ. ತಿದ್ದುಪಡಿ ಮುಗಿಯುವ ತನಕ ಅದನ್ನು ಹಚ್ಚದಿರುವುದು ಕ್ಷೇಮ.

ಈಗ ಅದೇ ಫೋಲ್ಡರನ್ನು ಕಿಡ್3ರಲ್ಲಿ ತೆರೆದು ಹತ್ತು ಹಾಡುಗಳನ್ನಾದರೂ ಪರೀಕ್ಷಿಸಿ. ಎಂಪಿ3 ಫೈಲಾದರೆ ಎರಡನೇ ಟ್ಯಾಗಿನ ಭಾಗದಲ್ಲಿ ಬಿಪಿಎಂ ಸಾಲು ಕಾಣಬೇಕು. ತಾಳವಿಲ್ಲದ ಹಾಡುಗಳಿಗೆ ಸಂಖ್ಯೆ ಅಂಟಿಕೊಂಡಿದ್ದರೆ ಇಲ್ಲಿ ಅಳಿಸಿ. ತಾಳದ ಹೆಸರನ್ನು, ಏರುವ ವೇಗದ ವಿವರವನ್ನು ಟಿಪ್ಪಣಿಯ ಸಾಲಿನಲ್ಲಿ ಕನ್ನಡದಲ್ಲೇ ಬರೆಯಬಹುದು. ಒಂದೇ ತಾಳದ ಹಲವು ಹಾಡುಗಳನ್ನು ಒಟ್ಟಿಗೆ ಆರಿಸಿ ಒಂದೇ ಸಲ ಬರೆಯಬಹುದು. ಎಂಪಿ3 ಮತ್ತು ಎಂ4ಎ ಟ್ಯಾಗಿನಲ್ಲಿ ಬಿಪಿಎಂ ಪೂರ್ಣಾಂಕವಾಗಿರಬೇಕು ಎಂಬುದು ನಿಯಮ. 97.6 ಎಂಬುದು 98 ಆದರೆ ಕೋಲಿಗೆ ಅದು ತಿಳಿಯುವುದಿಲ್ಲ.

ಬಳಸುವುದು

ಮಿಕ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬಿಪಿಎಂ ಎಂದು ಬರೆದು, ಅದಕ್ಕಂಟಿ ಮೇಲೊಂದು ಕೆಳಗೊಂದು ಇರುವ ಎರಡು ಚುಕ್ಕೆ ಹಾಕಿ, ಜಾಗ ಬಿಡದೆ 96-100 ಎಂದು ಒತ್ತಿದರೆ ಆ ನಡುವಿನ ಹಾಡುಗಳಷ್ಟೇ ಉಳಿಯುತ್ತವೆ. ಕ್ವಾಡ್ ಲಿಬೆಟ್, ಕ್ಲೆಮೆಂಟೈನ್‌ನಂಥ ಉಚಿತ ಪ್ಲೇಯರುಗಳೂ ಟ್ಯಾಗಿನ ಈ ಸಂಖ್ಯೆಯನ್ನು ಓದಿ ಹಾಡು ಆರಿಸಿಕೊಡುತ್ತವೆ. ಅಂಗಳದಲ್ಲಿ ಪ್ರಯೋಗ ಮಾಡಿದ ಮೇಲೆ ನಮಗೆ ಕಂಡದ್ದು ಇದು: ಒಂದು ಹಾಡಿನಿಂದ ಇನ್ನೊಂದಕ್ಕೆ ಮೂರು ನಾಲ್ಕು ಏರಿದರೆ ಕಾಲು ತಾನಾಗಿ ಹೊಂದಿಕೊಳ್ಳುತ್ತದೆ, ಎಂಟು ಹತ್ತು ಏರಿದರೆ ವೃತ್ತ ಒಡೆಯುತ್ತದೆ. ಅಕ್ಕನ "ಒಂದು ಎಳೆ" ಎಂದರೆ ನಾಲ್ಕು ಎಂದು ಗೊತ್ತಾದದ್ದು ಹೀಗೆ.

ಕಾರ್ಯಕ್ರಮಕ್ಕೆ ಲ್ಯಾಪ್‌ಟಾಪ್ ಒಯ್ಯುವ ಬದಲು ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಚಕ್ರದ ಸ್ಪೀಕರಿಗೆ ಚುಚ್ಚುವವರು ಹೆಚ್ಚು. ಮಿಕ್ಸ್‌ನಲ್ಲಿ ಪ್ಲೇಲಿಸ್ಟ್ ಮಾಡಿ ಅದರ ಮೇಲೆ ಬಲ ಕ್ಲಿಕ್ ಮಾಡಿದರೆ ಹಾಡಿನ ಫೈಲುಗಳನ್ನು ಬೇರೊಂದು ಫೋಲ್ಡರಿಗೆ ನಕಲಿಸುವ ಆಯ್ಕೆ ಸಿಗುತ್ತದೆ. ಅಂಥ ಸ್ಪೀಕರುಗಳು ಟ್ಯಾಗ್ ನೋಡಿ ಸಾಲು ಮಾಡುವುದಿಲ್ಲ. ಆದ್ದರಿಂದ ನಕಲಿನ ಫೈಲುಗಳ ಹೆಸರಿನ ಮುಂದೆ ಬಿಪಿಎಂ ಸೇರಿಸಿ, ಮೂರು ಅಂಕಿಗಳಲ್ಲಿ: 096, 100, 104. ಬರೀ 96 ಎಂದು ಬರೆದರೆ ಅಕ್ಷರಕ್ರಮದಲ್ಲಿ ಅದು 104ರ ನಂತರ ಬಂದು ನಿಲ್ಲುತ್ತದೆ. ಕೆಲವು ಸ್ಪೀಕರುಗಳು ಹೆಸರನ್ನೂ ನೋಡದೆ ಫೈಲು ನಕಲಾದ ಕ್ರಮದಲ್ಲಿ ನುಡಿಸುತ್ತವೆ. ಅದಕ್ಕಾಗಿ ಖಾಲಿ ಪೆನ್‌ಡ್ರೈವಿಗೆ ನಿಧಾನದ ಹಾಡಿನಿಂದ ಹಿಡಿದು ಒಂದೊಂದಾಗಿ ನಕಲು ಮಾಡಿ, ಹಿಂದಿನ ದಿನವೇ ಅದೇ ಸ್ಪೀಕರಿಗೆ ಚುಚ್ಚಿ ಮೊದಲ ಮೂರು ಹಾಡುಗಳ ಕ್ರಮ ನೋಡಿಕೊಳ್ಳಿ.

ಹೊಸ ಹಾಡು ಸಂಗ್ರಹಕ್ಕೆ ಸೇರಿದಾಗ ಅನಲೈಸ್ ಪುಟದಲ್ಲಿ ಹೊಸತು ಎಂಬ ಪಟ್ಟಿಯನ್ನು ತೆರೆಯಿರಿ. ಕಳೆದ ಏಳು ದಿನಗಳಲ್ಲಿ ಸೇರಿದವಷ್ಟೇ ಅಲ್ಲಿರುತ್ತವೆ. ನಾನು ಭಾನುವಾರ ಬೆಳಗ್ಗೆ ಅಳೆಸಿಟ್ಟು, ಸಂಜೆ ಅಭ್ಯಾಸ ಮುಗಿದ ಮೇಲೆ ಒಂದೊಂದನ್ನೂ ಅರ್ಧ ನಿಮಿಷ ನುಡಿಸುತ್ತೇನೆ. ಅಕ್ಕ ಕೋಲು ತಟ್ಟುತ್ತಾಳೆ, ಒಪ್ಪಿದರೆ ಬೀಗ ಹಾಕುತ್ತೇನೆ.